ಮುತ್ತಿನ ಒಡವೆಯಲ್ಲಿ ಹಣ ತೊಡಗಿಸುವ ಮುನ್ನ: ಸೊಲ್ಲಾಪುರ ಸೀಮೆಯ ಖರೀದಿದಾರರಿಗೆ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡ ಮನೆಗಳಲ್ಲಿ ಮದುವೆಯ ಒಡವೆ ಎಂದರೆ ಬಂಗಾರದ ಜೊತೆಗೆ ಮುತ್ತೂ ಇರಬೇಕು ಎಂಬ ಪದ್ಧತಿ ಇದೆ. ಮುತ್ತಿನ ನತ್ತು, ಕೊರಳಿಗೆ ಒತ್ತಿ ಕೂರುವ ಚಿಂಚಪೇಟಿ ಮತ್ತು ಪದಕವಿರುವ ಮುತ್ತಿನ ಸರವಾದ ತನ್ಮಣಿ ಮರಾಠಿ ನೆರೆಹೊರೆಯಿಂದ ನಮ್ಮ ಪೆಟ್ಟಿಗೆಗಳನ್ನು ಸೇರಿದರೆ, ಉದ್ದನೆಯ ಸರಗಳು ಹೈದರಾಬಾದಿನಿಂದ ಬಂದವು. ಈಚೆಗೆ ಬಂಗಾರದ ದರ ಏರುತ್ತ ಹೋದಂತೆ, ಮುತ್ತಿನಲ್ಲಾದರೂ ನಾಲ್ಕು ದುಡ್ಡು ಹಾಕಿಟ್ಟರೆ ಮಗಳ ಕಾಲಕ್ಕೆ ಒಳ್ಳೆಯ ಬೆಲೆ ಬಂದೀತು ಎಂಬ ಲೆಕ್ಕಾಚಾರ ಹಲವು ಮನೆಗಳಲ್ಲಿ ನಡೆದಿದೆ. ಈ ಲೆಕ್ಕ ಕೆಲವೇ ಕೆಲವು ಮುತ್ತುಗಳ ಮಟ್ಟಿಗೆ ನಿಜ. ಅಂಗಡಿಯಲ್ಲಿ ನಮ್ಮೆದುರು ಹರಡುವ ಹೆಚ್ಚಿನ ಮುತ್ತುಗಳ ಮಟ್ಟಿಗೆ ನಿಜವಲ್ಲ. ಆದ್ದರಿಂದ ಹಣ ಕೊಡುವ ಮೊದಲು ಎರಡನ್ನೂ ಬೇರ್ಪಡಿಸಿ ನೋಡುವ ಬಗೆಯನ್ನು ತಿಳಿದಿರಬೇಕು.

ಬಂಗಾರಕ್ಕೆ ದಿನದ ದರವಿದೆ. ಶುದ್ಧತೆ ಮತ್ತು ತೂಕ ಗೊತ್ತಾದರೆ ಯಾವ ಊರಿನ ಸರಾಫನೂ ಹೆಚ್ಚುಕಡಿಮೆ ಒಂದೇ ಲೆಕ್ಕ ಹೇಳುತ್ತಾನೆ. ಮುತ್ತಿಗೆ ಅಂಥ ದರವಿಲ್ಲ. ಒಂದೊಂದು ಮುತ್ತಿಗೂ ಒಂದೊಂದು ಬೆಲೆ, ಅದೂ ಕೊಳ್ಳುವವನು ಸಿಕ್ಕಾಗ ಮಾತ್ರ. ಆ ಮುತ್ತು ಎಂಥದು ಎಂಬುದಕ್ಕೆ ನಿಮ್ಮ ಕೈಯಲ್ಲಿ ಪುರಾವೆ ಇಲ್ಲದಿದ್ದರೆ ಕೊಳ್ಳುವವನು ಅದನ್ನು ತೀರಾ ಸಾಮಾನ್ಯವಾದದ್ದೆಂದು ಭಾವಿಸಿಯೇ ಬೆಲೆ ಕಟ್ಟುತ್ತಾನೆ. ನನ್ನ ಅಭಿಪ್ರಾಯದಲ್ಲಿ ಮುತ್ತಿನ ಹೂಡಿಕೆಯ ಅರ್ಧಕ್ಕಿಂತ ಹೆಚ್ಚು ಕೆಲಸ ಈ ಪುರಾವೆಯನ್ನು ಸಂಪಾದಿಸುವುದರಲ್ಲೇ ಇದೆ.

ಮೊದಲ ಭೇದ ಸಹಜ ಮುತ್ತು ಮತ್ತು ಕೃಷಿ ಮುತ್ತುಗಳ ನಡುವಿನದು. ಮನುಷ್ಯನ ಕೈ ತಾಗದೆ ಸಿಂಪಿಯೊಳಗೆ ತಾನಾಗಿ ಬೆಳೆದದ್ದು ಸಹಜ ಮುತ್ತು. ಸಿಂಪಿಯನ್ನು ತೆರೆದು ಅದರೊಳಗೆ ಚಿಪ್ಪಿನ ಮಣಿಯನ್ನೋ ಇನ್ನೊಂದು ಸಿಂಪಿಯ ಅಂಗಾಂಶದ ತುಣುಕನ್ನೋ ಇರಿಸಿ, ಅದರ ಸುತ್ತ ಪದರ ಬೆಳೆಯುವಂತೆ ಮಾಡಿ ಪಡೆದದ್ದು ಕೃಷಿ ಮುತ್ತು. ಎರಡರ ಹೊರಪದರವೂ ನಿಜವಾದ ಮುತ್ತಿನದೇ ಆದ್ದರಿಂದ ಕೃಷಿ ಮುತ್ತನ್ನು ನಕಲಿ ಎನ್ನಲಾಗದು. ಆದರೆ ಬೆಲೆಯ ಅಂತರ ಬಹಳ ದೊಡ್ಡದು. ಜಪಾನಿನ ಮಿಕಿಮೊಟೊ ಕೊಕಿಚಿ 1893ರಲ್ಲಿ ಅರ್ಧಗೋಲದ ಕೃಷಿ ಮುತ್ತನ್ನು ಬೆಳೆದು ತೋರಿಸಿದರು. 1920ರ ದಶಕದ ಹೊತ್ತಿಗೆ ದುಂಡನೆಯ ಕೃಷಿ ಮುತ್ತುಗಳು ಯುರೋಪಿನ ಮಾರುಕಟ್ಟೆಗೆ ಬಂದವು. ಅಲ್ಲಿಂದ ಮುಂದೆ ಏನಾಯಿತೆಂಬುದನ್ನು ಹೂಡಿಕೆಯ ಆಸೆಯುಳ್ಳವರೆಲ್ಲ ತಿಳಿದಿರಬೇಕು. 1917ರಲ್ಲಿ ಫ್ರಾನ್ಸಿನ ಹೆಸರಾಂತ ಒಡವೆ ವ್ಯಾಪಾರದ ಕಾರ್ಟಿಯೆ ಸಂಸ್ಥೆಯು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಒಂದು ಭವ್ಯ ಬಂಗಲೆಯನ್ನು ಪಡೆಯಲು ಕೊಟ್ಟದ್ದು ಹತ್ತು ಲಕ್ಷ ಡಾಲರ್ ಬೆಲೆ ಕಟ್ಟಿದ್ದ ಎರಡೆಳೆಯ ಸಹಜ ಮುತ್ತಿನ ಸರ ಮತ್ತು ಅದರ ಮೇಲೆ ನೂರು ಡಾಲರ್ ನಗದು. ಅದೇ ಸರ 1957ರಲ್ಲಿ ಹರಾಜಿಗೆ ಬಂದಾಗ ಸಿಕ್ಕಿದ್ದು 1.6 ಲಕ್ಷ ಡಾಲರಿಗೂ ಕಡಿಮೆ. ಮುತ್ತುಗಳು ಕೆಟ್ಟಿರಲಿಲ್ಲ, ಕೃಷಿ ಮುತ್ತಿನ ಹೊಳೆ ಹರಿದುಬಂದದ್ದರಿಂದಲೂ 1930ರ ದಶಕದ ಆರ್ಥಿಕ ಕುಸಿತದಿಂದಲೂ ಕೊಳ್ಳುವವರ ನಂಬಿಕೆ ಕುಸಿದಿತ್ತು.

ಇದಕ್ಕೆ ಎದುರಾಗಿ ಮಾರಾಟಗಾರರು ಹೇಳುವ ಕಥೆಯೂ ಒಂದಿದೆ. ಸ್ಪೇನಿನ ಅರಸು ಮನೆತನದಲ್ಲಿದ್ದ ಲಾ ಪೆರೆಗ್ರಿನಾ ಎಂಬ ಮುತ್ತನ್ನು ನಟ ರಿಚರ್ಡ್ ಬರ್ಟನ್ 1969ರಲ್ಲಿ 37,000 ಡಾಲರಿಗೆ ಕೊಂಡು ಎಲಿಜಬೆತ್ ಟೇಲರ್ ಅವರಿಗೆ ಕೊಟ್ಟರು. 2011ರ ಹರಾಜಿನಲ್ಲಿ ಆ ಮುತ್ತಿನ ಹಾರ 1.1 ಕೋಟಿ ಡಾಲರಿಗೂ ಹೆಚ್ಚಿಗೆ ಹೋಯಿತು. ಇದು ನಿಜ. ಆದರೆ ಅಲ್ಲಿ ಮಾರಾಟವಾದದ್ದು ಮುತ್ತಿನ ಜೊತೆಗೆ ಅದರ ನಾಲ್ಕು ನೂರು ವರ್ಷಗಳ ದಾಖಲಿತ ಚರಿತ್ರೆ, ಒಬ್ಬ ಮಹಾತಾರೆಯ ಹೆಸರು ಮತ್ತು ಸುತ್ತ ಕೂರಿಸಿದ್ದ ವಜ್ರ, ಮಾಣಿಕ್ಯಗಳು. ಈ ಉದಾಹರಣೆಯನ್ನು ಮುಂದಿಟ್ಟು ನಿಮಗೆ ಸರ ಮಾರಲು ಬಂದವರನ್ನು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ನಮ್ಮ ಕಡೆ ಸಹಜ ಮುತ್ತಿಗೆ ಬಸ್ರಾ ಮುತ್ತು ಎನ್ನುವುದು ರೂಢಿ. ಪರ್ಷಿಯನ್ ಕೊಲ್ಲಿಯಲ್ಲಿ ಮುಳುಗುಗಾರರು ತೆಗೆದ ಮುತ್ತುಗಳು ಮುಂಬಯಿಗೆ ಬಂದು, ಅಲ್ಲಿ ವಿಂಗಡವಾಗಿ, ತೂತು ಹಾಕಿಸಿಕೊಂಡು ದೇಶದೆಲ್ಲೆಡೆ ಹರಡುತ್ತಿದ್ದವು. ಹಳೆಯ ನತ್ತುಗಳಲ್ಲಿ ಇವು ಇರುವ ಸಾಧ್ಯತೆ ನಿಜವಾಗಿಯೂ ಇದೆ. ಹೊಸ ಒಡವೆಯಲ್ಲಿ ಬಸ್ರಾ ಎಂಬ ಹೆಸರನ್ನು ಕೇಳಿದರೆ ಮಾತ್ರ ಪುರಾವೆ ಕೇಳದೆ ಮುಂದುವರಿಯಬಾರದು, ಏಕೆಂದರೆ ಬಿಳಿಯಾಗಿ ಸಣ್ಣಗಿರುವ ಎಂಥ ಮುತ್ತಿಗೂ ಈ ಹೆಸರನ್ನು ಹಚ್ಚುವವರಿದ್ದಾರೆ. ಹಲ್ಲಿಗೆ ಉಜ್ಜಿ ನೋಡುವ ಪರೀಕ್ಷೆಯಿಂದ ತಿಳಿಯುವುದು ಒಂದೇ ವಿಷಯ: ನುಣ್ಣಗೆ ಜಾರಿದರೆ ಗಾಜು ಅಥವಾ ಪ್ಲಾಸ್ಟಿಕ್, ಸ್ವಲ್ಪ ತರಿತರಿ ಎನಿಸಿದರೆ ಮುತ್ತು. ಸಹಜ ಮುತ್ತೋ ಕೃಷಿ ಮುತ್ತೋ ಎಂಬುದನ್ನು ಹಲ್ಲು, ಕಣ್ಣು, ಅನುಭವ ಯಾವುದೂ ಖಚಿತವಾಗಿ ಹೇಳಲಾರದು. ಮುತ್ತಿನ ಒಳರಚನೆಯನ್ನು ತೋರಿಸುವ ಎಕ್ಸ್‌ರೇ ಪರೀಕ್ಷೆಯೇ ಆಗಬೇಕು. ಅಮೆರಿಕದ ಜಿಐಎ, ಸ್ವಿಟ್ಜರ್ಲೆಂಡಿನ ಎಸ್‌ಎಸ್‌ಇಎಫ್ ಮತ್ತು ಗ್ಯೂಬೆಲಿನ್, ಬಹ್ರೇನಿನ ದಾನತ್ ಮುಂತಾದ ಪ್ರಯೋಗಾಲಯಗಳು ಕೊಡುವ ವರದಿಯನ್ನು ಜಗತ್ತಿನ ವ್ಯಾಪಾರಿಗಳು ಒಪ್ಪುತ್ತಾರೆ. ಬಹ್ರೇನಿನಲ್ಲಿ ಕೃಷಿ ಮುತ್ತಿನ ವ್ಯಾಪಾರವನ್ನೇ ನಿಷೇಧಿಸಲಾಗಿದೆ; ಕೊಲ್ಲಿಯಲ್ಲಿ ದುಡಿಯುವ ಬಂಧುಗಳಿದ್ದವರಿಗೆ ಇದು ಉಪಯುಕ್ತವಾದ ಮಾಹಿತಿ. ಅಂಗಡಿಯವರು ತಮ್ಮದೇ ಕಾಗದದಲ್ಲಿ ಬರೆದುಕೊಟ್ಟ ಖಾತರಿ ಪತ್ರವು ಬಿಲ್ಲಿಗೆ ಪೂರಕವಾಗಬಹುದೇ ಹೊರತು ಸ್ವತಂತ್ರ ವರದಿಯ ಸ್ಥಾನವನ್ನು ತುಂಬಲಾರದು.

ಹಾಗಾದರೆ ಅಜ್ಜಿಯ ನತ್ತನ್ನು ಇಂದೇ ಪರೀಕ್ಷೆಗೆ ಕಳುಹಿಸಬೇಕೇ? ಅದಕ್ಕೆ ಮೊದಲು ಸಹಜ ಮುತ್ತಿನ ಬೆಲೆ ಏರುವ ರೀತಿಯನ್ನು ತಿಳಿಯಬೇಕು. ಸಹಜ ಮುತ್ತನ್ನು ತೂಗುವ ಮಾನ ಗ್ರೇನ್. ಒಂದು ಗ್ರೇನ್ ಎಂದರೆ 50 ಮಿಲಿಗ್ರಾಂ, ನಾಲ್ಕು ಗ್ರೇನಿಗೆ ಒಂದು ಕ್ಯಾರೆಟ್. ಸಾಂಪ್ರದಾಯಿಕ ವ್ಯಾಪಾರದಲ್ಲಿ ತೂಕವನ್ನು ಅದೇ ತೂಕದಿಂದ ಗುಣಿಸಿ, ಬಂದದ್ದನ್ನು ಮೂಲದರದಿಂದ ಗುಣಿಸಿ ಬೆಲೆ ಕಟ್ಟುತ್ತಾರೆ. ಒಂದು ಗ್ರೇನಿನ ಮುತ್ತಿಗೆ ಮೂಲದರದ ಒಂದು ಪಟ್ಟಾದರೆ, ಎರಡು ಗ್ರೇನಿನದಕ್ಕೆ ನಾಲ್ಕು ಪಟ್ಟು, ನಾಲ್ಕು ಗ್ರೇನಿನದಕ್ಕೆ ಹದಿನಾರು ಪಟ್ಟು. ಒಂದೊಂದು ಗ್ರೇನಿನ ನಾಲ್ಕು ಮುತ್ತುಗಳು ಸೇರಿ ನಾಲ್ಕು ಪಟ್ಟಿಗೆ ನಿಲ್ಲುವಾಗ ಅಷ್ಟೇ ತೂಕದ ಒಂಟಿ ಮುತ್ತು ಹದಿನಾರಕ್ಕೆ ಏರುತ್ತದೆ. ಹಳೆಯ ನತ್ತುಗಳಲ್ಲಿ ಪೋಣಿಸಿರುವುದು ಬಹುಪಾಲು ಅಕ್ಕಿಕಾಳಿಗಿಂತ ಚಿಕ್ಕ ಮುತ್ತುಗಳು. ಅವು ಸಹಜವಾಗಿದ್ದರೂ ಪರೀಕ್ಷೆಯ ಖರ್ಚನ್ನು ಮೀರಿ ಬೆಲೆ ಬರುವುದು ಕಷ್ಟ. ಹಳೆಯ ಒಡವೆಯಲ್ಲಿ ನಡುವೆ ಒಂದು ದಪ್ಪ ಮುತ್ತಿದ್ದರೆ, ಅಥವಾ ಚಿಂಚಪೇಟಿಯಲ್ಲಿ ಒಂದೇ ಗಾತ್ರದ ಹೊಳಪಿನ ಮುತ್ತುಗಳ ಸಾಲು ಇದ್ದರೆ, ಅದನ್ನು ಬಿಚ್ಚಿಸದೆ, ತೊಳೆಸದೆ, ಇದ್ದಂತೆಯೇ ಪರೀಕ್ಷೆಗೆ ಕೊಡುವುದು ಖಂಡಿತ ಯೋಗ್ಯ. ಹೊಸದನ್ನು ಕೊಳ್ಳುವ ಮೊದಲು ಮನೆಯಲ್ಲಿರುವುದನ್ನು ನೋಡಿಸಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಎಷ್ಟೋ ಮನೆಗಳಲ್ಲಿ ಹಳೆಯ ನತ್ತನ್ನು ಬಂಗಾರದ ತೂಕಕ್ಕೆ ಕೊಟ್ಟು, ಅದೇ ಹಣದಲ್ಲಿ ಮರುಮಾರಾಟಕ್ಕೆ ಬೆಲೆಯಿಲ್ಲದ ಹೊಸ ಸರವನ್ನು ತರುತ್ತಾರೆ.

ಇನ್ನು ಕೃಷಿ ಮುತ್ತಿನ ಮಾತು. ಹೈದರಾಬಾದಿನ ಚಾರ್‌ಮಿನಾರಿನ ಬಳಿಯ ಪತ್ಥರ್‌ಗಟ್ಟಿಯಲ್ಲಿ ಮುತ್ತಿನ ವ್ಯಾಪಾರ ಹಳೆಯದು, ಆದರೆ ಹೈದರಾಬಾದಿಗೆ ಸಮುದ್ರವಿಲ್ಲ. ಆ ಊರಿನ ಹೆಸರು ಬೆಳೆದದ್ದು ತೂತು ಹಾಕುವ, ವಿಂಗಡಿಸುವ, ಪೋಣಿಸುವ ಕಸುಬಿನಿಂದ. ಇಂದು ಅಲ್ಲಿಯ ಸಾಮಾನ್ಯ ಸರಗಳಲ್ಲಿರುವುದು ಬಹುತೇಕ ಚೀನಾದ ಸಿಹಿನೀರಿನ ಮುತ್ತು. ಒಂದೇ ಸಿಂಪಿಯಿಂದ ಹತ್ತಾರು ಮುತ್ತುಗಳು ಬರುವುದರಿಂದ ಅದಕ್ಕೆ ಕೊರತೆ ಎಂಬುದಿಲ್ಲ, ಕೊರತೆಯಿಲ್ಲದ ವಸ್ತುವಿನ ಬೆಲೆ ಕೂಡಿಟ್ಟ ಮಾತ್ರಕ್ಕೆ ಏರುವುದಿಲ್ಲ. ತೊಡಲು ಅದು ಚೆಂದದ ಮುತ್ತು, ಪದರ ದಪ್ಪನಾದ್ದರಿಂದ ಬಾಳಿಕೆಯೂ ಚೆನ್ನಾಗಿದೆ, ತೊಡುವುದಕ್ಕಾಗಿಯೇ ಕೊಳ್ಳಿರಿ. ಜಪಾನಿನ ಅಕೋಯ ಮುತ್ತಿನ ಹೊಳಪು ತೀಕ್ಷ್ಣವಾದದ್ದು, ಆದರೆ ಮಣಿಯ ಸುತ್ತಲಿನ ಪದರ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು ಅಥವಾ ಅದಕ್ಕೂ ತೆಳ್ಳಗೆ. ತೀರಾ ತೆಳುವಾದ ಪದರ ಕೆಲವು ವರ್ಷಗಳ ಬಳಕೆಯಲ್ಲಿ ಸವೆದು ಒಳಗಿನ ಮಣಿ ಕಾಣಿಸತೊಡಗುತ್ತದೆ. ಆಸ್ಟ್ರೇಲಿಯ, ಇಂಡೋನೇಷ್ಯಾ, ಫಿಲಿಪೈನ್ಸ್‌ಗಳ ಸೌತ್ ಸೀ ಮುತ್ತು ಮತ್ತು ಫ್ರೆಂಚ್ ಪಾಲಿನೇಷ್ಯಾದ ಕಪ್ಪು ತಹೀತಿ ಮುತ್ತು ಇವೆರಡೂ ಗಾತ್ರದಲ್ಲಿ ದೊಡ್ಡವು, ಪದರ ದಪ್ಪ, ಒಂದು ಸಲಕ್ಕೆ ಒಂದು ಸಿಂಪಿಯಿಂದ ಸಾಮಾನ್ಯವಾಗಿ ಒಂದೇ ಮುತ್ತು. ಕೃಷಿ ಮುತ್ತಿನಲ್ಲಿ ಹಣವನ್ನು ಸ್ವಲ್ಪಮಟ್ಟಿಗಾದರೂ ಉಳಿಸಿಕೊಳ್ಳುವ ಆಸೆಯಿದ್ದರೆ ಇವುಗಳಲ್ಲೇ, ಅದೂ ದುಂಡಗೆ, ಕಲೆಯಿಲ್ಲದೆ, ಬಣ್ಣ ಹಚ್ಚದೆ ಇರುವವನ್ನು ಹುಡುಕಬೇಕು. ಸಾಧಾರಣ ಮುತ್ತುಗಳ ಉದ್ದನೆಯ ಸರಕ್ಕಿಂತ ಒಂದು ಜೊತೆ ಉತ್ತಮ ಮುತ್ತಿನ ಓಲೆ ಮೇಲು.

ಅಂಗಡಿಯ ಬಿಳಿ ದೀಪದಡಿ ಎಲ್ಲ ಮುತ್ತೂ ಹೊಳೆಯುತ್ತವೆ. ಸರವನ್ನು ಹಗಲಿನ ಬೆಳಕಿಗೆ ತಂದು, ಬಿಳಿ ಬಟ್ಟೆಯ ಮೇಲೆ ಹರಡಿ, ನಿಧಾನವಾಗಿ ಉರುಳಿಸಿ ನೋಡಬೇಕು. ಕಿಟಕಿಯ ಅಂಚು ಅಥವಾ ನಿಮ್ಮ ಮುಖದ ನೆರಳು ಮುತ್ತಿನಲ್ಲಿ ಸ್ಪಷ್ಟವಾಗಿ ಮೂಡಿದರೆ ಹೊಳಪು ಒಳ್ಳೆಯದು. ಸುಣ್ಣ ಬಳಿದಂತೆ ಮಂಕಾಗಿದ್ದರೆ ಗಾತ್ರ ಎಷ್ಟೇ ಇರಲಿ, ಬಿಟ್ಟುಬಿಡಿ. ಉರುಳುವಾಗ ಬೆಳಕು ಕತ್ತಲು ಮಿನುಗಿದಂತಾದರೆ ಪದರ ತೆಳುವೆಂದು ಶಂಕಿಸಬೇಕು. ಭೂತಗನ್ನಡಿಯಿಂದ ತೂತಿನ ಅಂಚನ್ನು ನೋಡಿದರೆ ಪದರ ಮತ್ತು ಮಣಿಯ ನಡುವಿನ ಗೆರೆ ಕೆಲವೊಮ್ಮೆ ಕಾಣಿಸುತ್ತದೆ, ಬಣ್ಣ ಹಚ್ಚಿದ್ದರೆ ಅದು ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಬಂಗಾರದ ಬಣ್ಣದ ಮುತ್ತಿನಲ್ಲಿ ಇದನ್ನು ತಪ್ಪದೆ ನೋಡಬೇಕು.

ಬಿಲ್ಲಿನ ವಿಷಯದಲ್ಲಿ ದಾಕ್ಷಿಣ್ಯ ಬೇಡ, ಪರಿಚಯದ ಸರಾಫನಾದರೂ ಸರಿಯೇ. ಒಡವೆಯ ಒಟ್ಟು ತೂಕ, ಬಂಗಾರದ ನಿವ್ವಳ ತೂಕ, ಮುತ್ತಿನ ತೂಕ ಮತ್ತು ಬೆಲೆ, ಮಜೂರಿ, ಇವೆಲ್ಲ ಬೇರೆ ಬೇರೆಯಾಗಿ ಬರೆದಿರಬೇಕು. ಇಲ್ಲವಾದರೆ ಮುತ್ತಿನ ತೂಕಕ್ಕೂ ಬಂಗಾರದ ದರ ತೆತ್ತಂತಾಗುತ್ತದೆ. ಮುತ್ತು ಸಹಜವೋ ಕೃಷಿಯದೋ, ಸಿಹಿನೀರಿನದೋ ಸಮುದ್ರದ್ದೋ, ಬಣ್ಣ ಹಚ್ಚಿದೆಯೋ ಇಲ್ಲವೋ ಎಂಬುದೂ ಅಕ್ಷರದಲ್ಲಿ ಇರಲಿ. 2023ರ ಏಪ್ರಿಲ್ 1ರಿಂದ ಬಂಗಾರದ ಒಡವೆಗೆ ಆರು ಅಕ್ಷರ, ಅಂಕಿಗಳ ಗುರುತಾದ ಎಚ್‌ಯುಐಡಿ ಸಹಿತ ಹಾಲ್‌ಮಾರ್ಕ್ ಕಡ್ಡಾಯವಾಗಿದೆ. ಎರಡು ಗ್ರಾಮಿಗಿಂತ ಕಡಿಮೆ ತೂಕದವಕ್ಕೆ ವಿನಾಯಿತಿ ಇರುವುದರಿಂದ ಚಿಕ್ಕ ನತ್ತುಗಳ ಶುದ್ಧತೆಯನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಬೇಕು. ಹಾಲ್‌ಮಾರ್ಕ್ ಬಂಗಾರದ ಬಗ್ಗೆ ಮಾತ್ರ ಹೇಳುತ್ತದೆ, ಮುತ್ತಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕೊಳ್ಳುವ ದಿನವೇ ಮಾರುವ ದಿನದ ಪ್ರಶ್ನೆಯನ್ನು ಕೇಳಿರಿ: ಐದು ವರ್ಷದ ಮೇಲೆ ಇದನ್ನು ತಂದರೆ ಮುತ್ತಿಗೆ ಎಷ್ಟು ಕೊಡುತ್ತೀರಿ? ಬಹಳಷ್ಟು ಕಡೆ ಬಂಗಾರದ ತೂಕಕ್ಕಷ್ಟೇ ಬೆಲೆ, ಮುತ್ತಿಗೆ ಏನೂ ಇಲ್ಲ ಎಂಬ ಉತ್ತರ ಬರುತ್ತದೆ. ಬ್ಯಾಂಕುಗಳೂ ಅಡವು ಸಾಲಕ್ಕೆ ಬಂಗಾರದ ಬೆಲೆಯನ್ನಷ್ಟೇ ಲೆಕ್ಕ ಹಿಡಿಯುತ್ತವೆ, ಮುತ್ತನ್ನೂ ಹರಳನ್ನೂ ಕಳೆಯುತ್ತವೆ. ಕೊಳ್ಳುವಾಗ ತೆತ್ತ ಮಜೂರಿ ಮತ್ತು ಜಿಎಸ್‌ಟಿಯೂ ಮರಳುವುದಿಲ್ಲ. ಇಷ್ಟೆಲ್ಲ ಕಳೆದ ಮೇಲೂ ಲಾಭ ಉಳಿಯಬೇಕಾದರೆ ಮುತ್ತಿನ ಬೆಲೆ ಎಷ್ಟು ಏರಬೇಕೆಂದು ಕಾಗದದ ಮೇಲೆ ಬರೆದು ನೋಡಿರಿ. ಸಾಮಾನ್ಯ ಸಂಸಾರಸ್ಥರಿಗೆ ನನ್ನ ಸಲಹೆ ನೇರವಾದದ್ದು: ಉಳಿತಾಯದ ಹಣ ಬಂಗಾರದ ಭಾಗದಲ್ಲಿರಲಿ, ಮುತ್ತಿಗೆ ಕೊಡುವ ಹಣವನ್ನು ತೊಡುವ ಸಂತೋಷದ ಲೆಕ್ಕಕ್ಕೆ ಬರೆಯಿರಿ, ಹೂಡಿಕೆಯೆಂದು ಮುತ್ತನ್ನೇ ಕೊಳ್ಳುವುದಾದರೆ ಪ್ರಯೋಗಾಲಯದ ವರದಿಯಿರುವ ಸಹಜ ಮುತ್ತನ್ನು, ಮುಂದಿನ ಹತ್ತು ವರ್ಷ ಬೇಕಾಗದ ಹಣದಲ್ಲಿ ಮಾತ್ರ ಕೊಳ್ಳಿರಿ. ಲಾಭಕ್ಕೆ ಮಾರಿದರೆ ತೆರಿಗೆಯೂ ಇದೆ. 2024ರ ಜುಲೈ 23ರಿಂದ ಜಾರಿಗೆ ಬಂದ ನಿಯಮದಂತೆ 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ ಒಡವೆಯ ಲಾಭಕ್ಕೆ ಶೇಕಡಾ 12.5ರ ದರ ಅನ್ವಯಿಸುತ್ತದೆ. ಹಿರಿಯರಿಂದ ಬಂದದ್ದಾದರೆ ಸಾಮಾನ್ಯವಾಗಿ ಅವರು ಕೊಂಡ ಬೆಲೆ ಲೆಕ್ಕಕ್ಕೆ ಬರುವುದರಿಂದ ಹಳೆಯ ಪಾವತಿಗಳನ್ನು ಎಸೆಯಬಾರದು.

ಇಟ್ಟುಕೊಳ್ಳುವ ಬಗೆಯೂ ಬೆಲೆಯ ಭಾಗವೇ. ಮುತ್ತು ಕಲ್ಲಲ್ಲ, ಸುಣ್ಣದ ಅಂಶ ಮತ್ತು ಅದನ್ನು ಬೆಸೆಯುವ ಜೈವಿಕ ವಸ್ತುವಿನಿಂದಾದದ್ದು. ಬೆವರು, ಅತ್ತರು, ನಿಂಬೆರಸ ಅದನ್ನು ತಿನ್ನುತ್ತವೆ, ಅರಿಸಿನದ ಶಾಸ್ತ್ರದಲ್ಲಿ ತೊಟ್ಟರೆ ತೂತಿನೊಳಗೆ ಹಳದಿ ಇಳಿಯುತ್ತದೆ. ಸೊಲ್ಲಾಪುರದ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಒಣ ಸೆಕೆಯಲ್ಲಿ ಕಬ್ಬಿಣದ ಕಪಾಟಿನೊಳಗೆ ವರ್ಷಗಟ್ಟಲೆ ಮುಚ್ಚಿಟ್ಟ ಮುತ್ತು ತೇವವನ್ನು ಕಳೆದುಕೊಂಡು ಬಿರುಕು ಬಿಡಬಹುದು. ಪ್ಲಾಸ್ಟಿಕ್ ಚೀಲ ಬೇಡ, ಮೆತ್ತನೆಯ ಹತ್ತಿಬಟ್ಟೆಯಲ್ಲಿ ಸುತ್ತಿ, ಬಿಸಿಲು ತಾಗದ ಗೋಡೆಯ ಕಡೆ ಇಡಬೇಕು. ಆಗಾಗ ತೊಟ್ಟು, ಬಟ್ಟೆಯಿಂದ ಒರೆಸಿ ಮರಳಿ ಇಡುವುದು ಇನ್ನೂ ಒಳ್ಳೆಯದು. ರೇಷ್ಮೆ ದಾರ ಸಡಿಲಾದಾಗ ಹೊಸದಾಗಿ ಪೋಣಿಸಿ, ಮುತ್ತು ಮುತ್ತಿನ ನಡುವೆ ಗಂಟು ಹಾಕಿಸಿದರೆ ದಾರ ಹರಿದರೂ ಎಲ್ಲವೂ ಚೆಲ್ಲಾಪಿಲ್ಲಿಯಾಗುವುದಿಲ್ಲ.

ಇನ್ನೊಂದು ಮಾತು ಪಾಲು ಮಾಡುವ ಹೊತ್ತಿನದು. ಒಂದೇ ಹೊಳಪು, ಬಣ್ಣ, ಗಾತ್ರದ ಮುತ್ತುಗಳನ್ನು ಹುಡುಕಿ ಜೋಡಿಸಿದ ಸರಕ್ಕೆ ಆ ಹೊಂದಾಣಿಕೆಯಿಂದಲೇ ಹೆಚ್ಚಿನ ಬೆಲೆ ಬಂದಿರುತ್ತದೆ. ಅಕ್ಕತಂಗಿಯರಿಗೆ ಸಮಪಾಲೆಂದು ಅಂಥ ಸರವನ್ನು ಬಿಚ್ಚಿ ಎರಡು ಮಾಡಿದರೆ ಎರಡೂ ತುಂಡುಗಳು ಸೇರಿ ಮೊದಲಿನ ಬೆಲೆಗೆ ಬರುವುದಿಲ್ಲ, ಇಡೀ ಸರಕ್ಕೆ ಸಿಕ್ಕಿದ ಪ್ರಯೋಗಾಲಯದ ವರದಿಯೂ ತುಂಡುಗಳಿಗೆ ಹೊಂದುವುದಿಲ್ಲ. ಸರವನ್ನು ವರದಿಯ ಸಮೇತ ಒಬ್ಬರಿಗೆ ಕೊಟ್ಟು, ಅಂದಿನ ಬೆಲೆ ಕಟ್ಟಿಸಿ, ಇನ್ನೊಬ್ಬರಿಗೆ ಅಷ್ಟು ಬಂಗಾರವನ್ನೋ ಹಣವನ್ನೋ ಕೊಡುವುದೇ ಸರಿಯಾದ ಕ್ರಮ.