ಕಂಡಕ್ಟರ್ ಇಲ್ಲದ ಊರಿನಲ್ಲಿ ಟಿಕೆಟ್

ಮೈಸೂರು–ಮಂಡ್ಯ ಲೈನಿನಲ್ಲಿ ಕಂಡಕ್ಟರ್ ಆಗಿದ್ದು ರಿಟೈರ್ ಆದವನು ನಾನು. ಮಗಳು ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿದ್ದಾಳೆ. ಹೀಗಾಗಿ ಕುವೆಂಪುನಗರದಲ್ಲಿ ನಮ್ಮ ಜೊತೆ ವಾಕಿಂಗ್ ಬರುವವರಲ್ಲಿ ಯಾರಿಗೆ ವೀಸಾ ಬಂದರೂ ನನ್ನನ್ನು ಹಿಡಿದುಕೊಳ್ಳುತ್ತಾರೆ. ವಿಮಾನದ ಟಿಕೆಟ್ಟನ್ನು ಮಕ್ಕಳೇ ಮಾಡಿಸಿರುತ್ತಾರೆ. ಅಲ್ಲಿ ಇಳಿದ ಮೇಲೆ ಬಸ್ಸು, ರೈಲಿಗೆ ಎಷ್ಟಾಗುತ್ತೆ, ದುಡ್ಡು ಹೇಗೆ ಕೊಡೋದು ಅನ್ನೋದೇ ಎಲ್ಲರ ಚಿಂತೆ. ಒಬ್ಬೊಬ್ಬರಿಗೇ ಹೇಳೋ ಬದಲು ಇಲ್ಲಿ ಬರೆದುಬಿಡುತ್ತೇನೆ.

ಮೊದಲ ಕೆಲಸ ಮೈಸೂರಿನಲ್ಲೇ ಆಗಬೇಕು. ನಿಮ್ಮ ಬ್ಯಾಂಕ್ ಕಾರ್ಡ್ ತೆಗೆದು ನೋಡಿ. ಅಡ್ಡ ಮಲಗಿಸಿದ ವೈಫೈ ಗುರುತಿನ ಹಾಗೆ ನಾಲ್ಕು ಬಾಗಿದ ಗೆರೆ ಇರಬೇಕು. ಅದಿದ್ದರೆ ಮಾತ್ರ ಕಾರ್ಡನ್ನು ಮುಟ್ಟಿಸಿ ದುಡ್ಡು ಕೊಡಬಹುದು. ಗುರುತು ಇದ್ದರಷ್ಟೇ ಸಾಲದು. 2020ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ವಿದೇಶದ ಬಳಕೆ, ಕಾಂಟ್ಯಾಕ್ಟ್‌ಲೆಸ್ (ಹೀಗೆ ಮುಟ್ಟಿಸಿ ದುಡ್ಡು ಕೊಡೋದು) ಎರಡೂ ಆಫ್ ಆಗಿಯೇ ಬರುತ್ತವೆ. ಬ್ಯಾಂಕಿನ ಆಪ್‌ನಲ್ಲಿ ಎರಡನ್ನೂ ನೀವೇ ಆನ್ ಮಾಡಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ರೈಲು ನಿಲ್ದಾಣದ ಗೇಟು ತೆರೆಯಲ್ಲ, ಹಿಂದೆ ಜನ ನಿಂತಿರ್ತಾರೆ.

ಕಾರ್ಡ್ ವೀಸಾ ಕಂಪನಿಯದು ಅಥವಾ ಮಾಸ್ಟರ್‌ಕಾರ್ಡ್ ಆಗಿದ್ದರೆ ಒಳ್ಳೆಯದು. ನಮ್ಮಲ್ಲಿ ಪೆನ್ಷನ್ ಖಾತೆಗೆ ಕೊಡುವ ರೂಪೇ ಕಾರ್ಡ್ ಲಂಡನ್ ರೈಲಿನ ಗೇಟಿನಲ್ಲಿ ನಡೆಯುವುದಿಲ್ಲ. ಇನ್ನೊಂದು ಮಾತು, ಗಂಡ ಹೆಂಡತಿಗೆ ಒಂದೇ ಕಾರ್ಡ್ ಅಂದರೆ ಆಗಲ್ಲ. "ಎರಡು ಮಂಡ್ಯ ಕೊಡಿ" ಅಂತ ಕೇಳೋಕೆ ಅಲ್ಲಿ ಯಾರೂ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು.

ವಿದೇಶದಲ್ಲಿ ಕಾರ್ಡ್ ಉಜ್ಜಿದರೆ ಬ್ಯಾಂಕಿನವರು ಮೇಲೆ ಒಂದಿಷ್ಟು ಹಾಕುತ್ತಾರೆ. ಬಹಳಷ್ಟು ಕಾರ್ಡುಗಳಲ್ಲಿ ಇದು ಶೇಕಡಾ 2ರಿಂದ 3.5 ಇರುತ್ತೆ, ಅದರ ಮೇಲೆ 18ರ ಜಿಎಸ್‌ಟಿ ಬೇರೆ. ಹೊರಡುವ ಮೊದಲೇ ಕೇಳಿಕೊಳ್ಳಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಯಾವ ಊರಿಗೇ ಹೋಗಿ, ಗಾಡಿ ಹತ್ತುವ ಮೊದಲು ಒಂದನ್ನು ತಿಳಿದುಕೊಳ್ಳಿ: ಇಲ್ಲಿ ದರವನ್ನು ಹೇಗೆ ಲೆಕ್ಕ ಹಾಕ್ತಾರೆ? ನಮ್ಮಲ್ಲಿ ಸ್ಟೇಜ್ ಲೆಕ್ಕ. ಶ್ರೀರಂಗಪಟ್ಟಣಕ್ಕೆ ಇಷ್ಟು, ಪಾಂಡವಪುರ ರೈಲ್ವೆ ಸ್ಟೇಷನ್ನಿಗೆ ಇಷ್ಟು, ಮಂಡ್ಯಕ್ಕೆ ಇಷ್ಟು. ಹೊರಗೆ ಮೂರು ತರಹ ಇದೆ. ನ್ಯೂಯಾರ್ಕಿನ ಸಬ್‌ವೇಯಲ್ಲಿ (ಅಲ್ಲಿನ ಮೆಟ್ರೋ ರೈಲು) ಎಲ್ಲಿ ಹತ್ತಿ ಎಲ್ಲಿ ಇಳಿದರೂ ಒಂದೇ ದರ. 2026ರ ಜನವರಿಯಿಂದ ಅದು 3 ಡಾಲರ್. ಸಿಂಗಾಪುರದಲ್ಲಿ ಹೋದಷ್ಟು ದೂರಕ್ಕೆ ದುಡ್ಡು. ಲಂಡನ್, ದುಬೈ ರೈಲಿನಲ್ಲಿ ಊರನ್ನೇ ವಲಯಗಳಾಗಿ ಹಂಚಿ, ಎಷ್ಟು ವಲಯ ದಾಟಿದಿರಿ ಅಂತ ನೋಡುತ್ತಾರೆ.

ಇದು ಗೊತ್ತಾದರೆ ಉಳಿದದ್ದು ತಾನಾಗೇ ಅರ್ಥ ಆಗುತ್ತೆ. ದರ ಒಂದೇ ಆಗಿದ್ದರೆ ಹತ್ತುವಾಗ ಒಂದು ಸಲ ಕಾರ್ಡ್ ಮುಟ್ಟಿಸಿದರೆ ಸಾಕು. ದೂರದ ಲೆಕ್ಕವೋ ವಲಯದ ಲೆಕ್ಕವೋ ಇದ್ದರೆ ಇಳಿಯುವಾಗಲೂ ಮುಟ್ಟಿಸಲೇಬೇಕು. ಇಲ್ಲದಿದ್ದರೆ ನೀವು ಎಲ್ಲಿ ಇಳಿದಿರಿ ಅಂತ ಮಷೀನಿಗೆ ಹೇಗೆ ಗೊತ್ತಾಗಬೇಕು? ಅತಿ ದೊಡ್ಡ ದರವನ್ನೇ ಹಿಡಿದುಕೊಳ್ಳುತ್ತೆ. ಸಿಂಗಾಪುರದಲ್ಲಿ ಬಸ್ ಇಳಿಯುವಾಗಲೂ ಮುಟ್ಟಿಸಬೇಕು. ಲಂಡನ್ ಬಸ್ಸಿನಲ್ಲಿ ಇಳಿಯುವಾಗ ಬೇಕಿಲ್ಲ, ರೈಲಿನಲ್ಲಿ ಬೇಕು.

ಲಂಡನ್ ಬಸ್ಸಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನನ್ನ ಕಸುಬಲ್ವಾ. ಡ್ರೈವರ್ ಪಕ್ಕದ ಬಾಗಿಲಲ್ಲಿ ಹತ್ತಿದರೆ ಹಳದಿ ದುಂಡು ರೀಡರ್ ಇರುತ್ತೆ. ಕಾರ್ಡನ್ನು ಅದರ ಮೇಲೆ ಚಪ್ಪಟೆಯಾಗಿ ಇಟ್ಟು ಬೀಪ್ ಕೇಳೋವರೆಗೆ ಹಿಡಿಯಿರಿ. ಪರ್ಸ್ ಸಮೇತ ಇಡಬೇಡಿ. ಒಳಗಿರೋ ಯಾವ ಕಾರ್ಡಿನಿಂದ ದುಡ್ಡು ಹೋಯ್ತು ಅಂತ ತಿಳಿಯಲ್ಲ. ಚಿಲ್ಲರೆ ಜಗಳ ಅಂತೂ ಇಲ್ಲವೇ ಇಲ್ಲ. 2014ರ ಜುಲೈನಿಂದ ಲಂಡನ್ ಬಸ್ಸಿನಲ್ಲಿ ನೋಟು, ನಾಣ್ಯ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದಾರೆ. ಚಿಲ್ಲರೆಗಾಗಿ ಸರ್ವೀಸ್ ಪೂರ್ತಿ ಬೈಸಿಕೊಂಡ ನನಗೆ ಇದು ನೋಡಿ ಹೊಟ್ಟೆಕಿಚ್ಚಾಯ್ತು.

2025ರಲ್ಲಿ ಲಂಡನ್ ಬಸ್ಸಿಗೆ 1.75 ಪೌಂಡ್ ಇತ್ತು. ಪೌಂಡಿಗೆ 115 ರೂಪಾಯಿ ಅಂತ ಹಿಡಿದರೆ 200 ರೂಪಾಯಿ ಹತ್ತಿರ. ಎದೆ ಒಡೆದುಕೊಳ್ಳಬೇಡಿ. ಮೊದಲ ಬಸ್ ಹತ್ತಿದ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಮತ್ತೆ ದುಡ್ಡಿಲ್ಲ. ಕಾರ್ಡ್ ಮಾತ್ರ ಅದೇ ಆಗಿರಬೇಕು. ದಿನಪೂರ್ತಿ ಬರೀ ಬಸ್ಸಿನಲ್ಲಿ ಸುತ್ತಿದರೆ 5.25 ಪೌಂಡಿಗಿಂತ ಜಾಸ್ತಿ ಕಟ್ ಆಗುತ್ತಿರಲಿಲ್ಲ. ರೈಲೂ ಸೇರಿದರೆ ಒಂದು, ಎರಡನೇ ವಲಯದೊಳಗೆ (ಊರಿನ ನಡುಭಾಗ) ದಿನದ ಮಿತಿ 8.90 ಪೌಂಡ್ ಇತ್ತು. ಡೇ ಪಾಸ್ ಮೊದಲೇ ಕೊಳ್ಳುವುದು ಸುಮ್ನೆ ದಂಡ. ಮಷೀನೇ ಲೆಕ್ಕ ಇಟ್ಟು, ಮಿತಿ ಮುಟ್ಟಿದ ಮೇಲೆ ಕೈ ಬಿಡುತ್ತೆ. ನಾವು ಹಳೇ ಡಬಲ್ ಡೆಕರಿನ ಮೇಲಿನ ಮುಂದಿನ ಸೀಟಿಗೆ ಕಿತ್ತಾಡುತ್ತಿದ್ದವರು. ಅದೇ ಸೀಟಿನಲ್ಲಿ ಕೂತು ಬಸ್ಸಿನಲ್ಲೇ ಊರು ನೋಡಿ ಅಂತ ನನ್ನ ಸಲಹೆ.

ಹೀಥ್ರೂ ವಿಮಾನ ನಿಲ್ದಾಣದಿಂದ ಊರೊಳಗೆ ಬರೋಕೆ ಮೂರು ರೈಲಿವೆ. ಅಲ್ಲೇ ನೋಡಿ ದುಡ್ಡು ಉಳಿಯೋದು. ಎಕ್ಸ್‌ಪ್ರೆಸ್ ರೈಲಿಗೆ ಅಲ್ಲೇ ಟಿಕೆಟ್ ತಗೊಂಡರೆ 2025ರಲ್ಲಿ 25 ಪೌಂಡ್ ಇತ್ತು. ಎಲಿಜಬೆತ್ ಲೈನಿಗೆ 2025ರ ಮಾರ್ಚ್ ದರದಲ್ಲಿ 13.90. ಪಿಕಡಿಲಿ ಲೈನಿಗೆ ಆಗ 5.80 ಇತ್ತು. ಪಿಕಡಿಲಿ ನಿಧಾನ, ಸೂಟ್‌ಕೇಸ್ ಇಡೋಕೂ ಇಕ್ಕಟ್ಟು. ಆದರೆ ಅದು ಹೊರಡೋದೇ ಅಲ್ಲಿಂದ, ಹಾಗಾಗಿ ಸೀಟು ಸಿಗುತ್ತೆ. ಈಸ್ಟ್ ಹ್ಯಾಮ್ ಕಡೆ ಹೋಗುವವರು ಬ್ಯಾರನ್ಸ್ ಕೋರ್ಟ್‌ನಲ್ಲಿ ಇಳಿದು, ಅದೇ ಪ್ಲಾಟ್‌ಫಾರ್ಮಿನ ಆಚೆ ಬದಿಗೆ ಬರುವ ಡಿಸ್ಟ್ರಿಕ್ಟ್ ಲೈನ್ ಹತ್ತಬಹುದು. ಮೆಟ್ಟಿಲು ಹತ್ತಿ ಇಳಿಯೋ ಗೋಳಿಲ್ಲ. ಮಂಡಿನೋವು ಇರುವವರು ಇದನ್ನು ಬರೆದಿಟ್ಟುಕೊಳ್ಳಿ.

ನಮ್ಮ ಮನೆಯವರು 2023ರ ಜೂನ್‌ನಿಂದ ಶಕ್ತಿ ಯೋಜನೆಯ ಫ್ರೀ ಟಿಕೆಟ್ಟಿಗೆ ಹೊಂದಿಕೊಂಡವರು. "ಇಲ್ಲಿ ಹೆಂಗಸರಿಗೂ ದುಡ್ಡಾ?" ಅಂದರು. ದುಡ್ಡೇ. ಅರವತ್ತು ದಾಟಿದವರಿಗೆ ಕೊಡುವ ಫ್ರೀ ಪಾಸ್ ಕೂಡ ಲಂಡನ್ ನಿವಾಸಿಗಳಿಗೆ ಮಾತ್ರ. ನಮ್ಮಂಥ ನೆಂಟರಿಗಿಲ್ಲ, ಆಧಾರ್ ತೋರಿಸಿ ಪ್ರಯೋಜನವಿಲ್ಲ. ಮೊಮ್ಮಕ್ಕಳಿಗೆ ಮಾತ್ರ ಅನುಕೂಲ ಇದೆ. ಲಂಡನ್ನಿನಲ್ಲಿ ಹನ್ನೊಂದು ತುಂಬದ ಮಕ್ಕಳು ದೊಡ್ಡವರ ಜೊತೆ ಬಸ್ಸು, ಟ್ಯೂಬ್ (ನೆಲದಡಿಯ ಮೆಟ್ರೋ) ರೈಲಿನಲ್ಲಿ ಫ್ರೀ. ಸಿಂಗಾಪುರದಲ್ಲಿ 0.9 ಮೀಟರಿಗಿಂತ ಕುಳ್ಳಗಿರೋ ಮಕ್ಕಳಿಗೆ ದೊಡ್ಡವರ ಜೊತೆ ಫ್ರೀ. ಅದನ್ನು ಕೇಳಿ ನಗು ಬಂತು. ಹಾಫ್ ಟಿಕೆಟ್ಟಿಗೆ ಮಗುವನ್ನು ಬಾಗಿಲ ಹತ್ತಿರ ನಿಲ್ಲಿಸಿ ಎತ್ತರ ನೋಡಿ, ತಾಯಂದಿರ ಕೈಲಿ ಉಗಿಸಿಕೊಂಡವರು ನಾವು.

ಜರ್ಮನಿಗೆ ಹೋಗುವವರು ಹುಷಾರು. ಅಲ್ಲಿ ನಗರದ ರೈಲು ನಿಲ್ದಾಣಗಳಲ್ಲಿ ಗೇಟೇ ಇರಲ್ಲ. ಸುಮ್ನೆ ನಡೆದುಕೊಂಡು ಹೋಗಿ ಹತ್ತಬಹುದು. ಅದನ್ನು ನೋಡಿ ಫ್ರೀ ಅಂತ ತಿಳಿಯಬೇಡಿ. ಮ್ಯೂನಿಕ್‌ನಂಥ ಊರುಗಳಲ್ಲಿ ಕಾಗದದ ಟಿಕೆಟ್ ಕೊಂಡರೂ ಸಾಲದು, ಹತ್ತುವ ಮೊದಲು ಚಿಕ್ಕ ಪೆಟ್ಟಿಗೆಗೆ ತೂರಿಸಿ ಮುದ್ರೆ ಹಾಕಿಸಬೇಕಾಗುತ್ತೆ. ಚೆಕಿಂಗ್‌ನವರು ಮಾಮೂಲಿ ಬಟ್ಟೆಯಲ್ಲಿ ನಿಮ್ಮ ಪಕ್ಕದಲ್ಲೇ ಕೂತಿರಬಹುದು. ದಂಡ 60 ಯೂರೋ. ನಮ್ಮ ಲೈನ್ ಚೆಕಿಂಗ್ ಜೀಪನ್ನು ದೂರದಿಂದಲೇ ಗುರುತು ಹಿಡಿಯಬಹುದಿತ್ತು, ಅಲ್ಲಿ ಆ ಆಟ ನಡೆಯಲ್ಲ.

ಪಾಸು ಮಾರುವ ಏಜೆಂಟರ ಮಾತಿಗೆ ಪೆನ್ನು ಕಾಗದ ಹಿಡಿದೇ ಉತ್ತರ ಕೊಡಿ. ನಮ್ಮ ಪಕ್ಕದ ಬೀದಿಯವರು ಜಪಾನ್‌ಗೆ ಹೊರಟಾಗ ಏಜೆಂಟ್ ಏಳು ದಿನದ ರೈಲ್ ಪಾಸ್ ಹಚ್ಚೋಕೆ ನೋಡಿದ. 2023ರ ಅಕ್ಟೋಬರ್‌ನಲ್ಲಿ ಆ ಪಾಸ್ 29,650 ಯೆನ್‌ನಿಂದ 50,000ಕ್ಕೆ ಏರಿದೆ. ಇವರು ಹೋಗೋದು ಟೋಕಿಯೋದಿಂದ ಕ್ಯೋಟೋಗೆ, ಮತ್ತೆ ವಾಪಸ್. ಬುಲೆಟ್ ರೈಲಿಗೆ ಒಂದು ಕಡೆಗೆ ಸುಮಾರು 14,000 ಯೆನ್. ಹೋಗಿ ಬಂದರೂ 28,000. ಪಾಸ್ ಬೇಡ ಅಂದೆ.

ಟಿಕೆಟ್ ಮಷೀನಿನ ಪರದೆ ಕೆಲವು ಸಲ "ರೂಪಾಯಿಯಲ್ಲಿ ಕೊಡ್ತೀರಾ, ಪೌಂಡಿನಲ್ಲಿ ಕೊಡ್ತೀರಾ" ಅಂತ ಕೇಳುತ್ತೆ. ರೂಪಾಯಿ ನೋಡಿ ನಮ್ಮದು ಅಂತ ಒತ್ತಬೇಡಿ. ಆ ಲೆಕ್ಕದಲ್ಲಿ ಅವರ ಕಮಿಷನ್ ಸೇರಿರುತ್ತೆ. ಆ ದೇಶದ ದುಡ್ಡನ್ನೇ ಒತ್ತಿ.

ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ಇಲ್ಲದವರಿಗೆ ಲಂಡನ್ನಿನಲ್ಲಿ ಆಯ್ಸ್ಟರ್ ಕಾರ್ಡ್ ಇದೆ. ದರ ಅದೇ, ಆದರೆ ಕಾರ್ಡಿಗೇ 10 ಪೌಂಡ್, ಅದು ವಾಪಸ್ ಬರಲ್ಲ. ನಮ್ಮ ಮನೆಯವರಿಗೆ ಅದನ್ನೇ ತೆಗೆದುಕೊಂಡೆವು. ಅದರಲ್ಲಿ ಉಳಿದ ದುಡ್ಡು ಲ್ಯಾಪ್ಸ್ ಆಗಲ್ಲ, ಇನ್ನೊಬ್ಬರೂ ಬಳಸಬಹುದು. ಹಾಗಾಗಿ ಬರುವಾಗ ಎಸೆಯದೆ ತನ್ನಿ. ನಮ್ಮದು ಈಗ ಬೀಗರ ಹತ್ತಿರ ಇದೆ, ಮುಂದಿನ ತಿಂಗಳು ಅವರ ಸರದಿ.