ಕೋಣೆಯಲ್ಲ, ಗಾಡಿ ನೋಡಿ ಬುಕ್ ಮಾಡಿ: ಸಾಬಿ ಸ್ಯಾಂಡ್ ಸಫಾರಿಗೆ ಸಿದ್ಧತೆ

ದಕ್ಷಿಣ ಆಫ್ರಿಕಾದ ಖಾಸಗಿ ಅಭಯಾರಣ್ಯಗಳ ಫೋಟೊ ನೋಡುವಾಗ ಕಣ್ಣು ಮೊದಲು ಹೋಗುವುದು ಜಗಲಿಯ ಮುಂದಿನ ಪುಟ್ಟ ಈಜುಕೊಳದ ಮೇಲೆ, ಸೊಳ್ಳೆಪರದೆ ಇಳಿಬಿಟ್ಟ ಮಂಚದ ಮೇಲೆ. ಐಷಾರಾಮಿ ಲಾಡ್ಜ್‌ಗಳಲ್ಲಿ ಒಬ್ಬರಿಗೆ ಒಂದು ರಾತ್ರಿಗೆ ಹತ್ತಾರು ಸಾವಿರ ರಾಂಡ್ ದರ; ಒಂದು ರಾಂಡ್ ಐದು ರೂಪಾಯಿಯ ಆಸುಪಾಸು. ಅಷ್ಟು ದುಡ್ಡು ಕೋಣೆಗೆ ಎಂದುಕೊಂಡರೆ ಲೆಕ್ಕ ತಪ್ಪಿತು. ದಿನಕ್ಕೆ ಆರರಿಂದ ಎಂಟು ಗಂಟೆ ನೀವು ಕೂರುವುದು ತೆರೆದ ಗಾಡಿಯಲ್ಲಿ. ಅದರಲ್ಲಿ ಎಷ್ಟು ಜನ, ಅದು ಎಷ್ಟು ಜಾಗದಲ್ಲಿ ಓಡಾಡಬಹುದು, ಬಾನೆಟ್ಟಿನ ತುದಿಯಲ್ಲಿ ಹೆಜ್ಜೆ ಓದುವವನು ಕೂತಿದ್ದಾನೋ ಇಲ್ಲವೋ, ದುಡ್ಡಿನ ಬೆಲೆ ಇರುವುದು ಅಲ್ಲಿ.

ಖಾಸಗಿ ಕಾಡು ಏಕೆ?

ಕ್ರೂಗರ್ ರಾಷ್ಟ್ರೀಯ ಉದ್ಯಾನ ಸುಮಾರು 20,000 ಚದರ ಕಿಲೋಮೀಟರ್. ಅದರ ನೈಋತ್ಯ ಅಂಚಿಗೆ ಅಂಟಿಕೊಂಡ ಖಾಸಗಿ ಅಭಯಾರಣ್ಯ ಸಾಬಿ ಸ್ಯಾಂಡ್ ಸುಮಾರು 65,000 ಹೆಕ್ಟೇರ್. ನಡುವಿನ ಬೇಲಿಯನ್ನು 1993ರಲ್ಲಿ ಕಿತ್ತರು. ಆನೆ, ಸಿಂಹಗಳಿಗೆ ಎರಡೂ ಒಂದೇ ಕಾಡು. ವ್ಯತ್ಯಾಸವಿರುವುದು ಮನುಷ್ಯರ ನಿಯಮದಲ್ಲಿ. ಕ್ರೂಗರ್‌ನಲ್ಲಿ ಸ್ವಂತ ಕಾರಿನಲ್ಲಿ ಹೋದವರು ರಸ್ತೆ ಬಿಡುವಂತಿಲ್ಲ, ಸಂಜೆ ಗೇಟು ಮುಚ್ಚುವುದರೊಳಗೆ ಕ್ಯಾಂಪ್ ಸೇರಬೇಕು. ಕಬಿನಿ, ಬಂಡೀಪುರ ನೋಡಿದವರಿಗೆ ಇದು ಹೊಸದಲ್ಲ. ಸಾಬಿ ಸ್ಯಾಂಡ್‌ನಲ್ಲಿ ಚಿರತೆ ಪೊದೆಗೆ ನುಗ್ಗಿದರೆ ಗಾಡಿಯೂ ಹಿಂದೆ ನುಗ್ಗುತ್ತದೆ. ಕತ್ತಲಾದ ಮೇಲೂ ಸ್ಪಾಟ್‌ಲೈಟ್ ಹಿಡಿದು ಸುತ್ತಬಹುದು. ಇಲ್ಲಿನ ಚಿರತೆಗಳು ತಲೆಮಾರುಗಳಿಂದ ಗಾಡಿಗಳ ನಡುವೆಯೇ ಬೆಳೆದಿವೆ, ಹಾಗಾಗಿ ಹತ್ತಿಪ್ಪತ್ತು ಮೀಟರ್ ದೂರದಲ್ಲಿ ಗಾಡಿ ನಿಂತರೂ ತಲೆ ಎತ್ತದೆ ಮಲಗಿರುತ್ತವೆ.

ಉತ್ತರಕ್ಕಿರುವ ಇನ್ನೊಂದು ಖಾಸಗಿ ಅಭಯಾರಣ್ಯ ಟಿಂಬಾವಟಿಗೂ ಕ್ರೂಗರ್‌ಗೂ ನಡುವೆ ಬೇಲಿಯಿಲ್ಲ. ಚಿಕ್ಕ ಮಕ್ಕಳಿದ್ದು ಮಲೇರಿಯಾದ ಭಯವಿದ್ದರೆ ಬೋಟ್ಸ್ವಾನಾ ಗಡಿಯ ಮಾಡಿಕ್ವೆ ಅಭಯಾರಣ್ಯ ನೋಡಿ. ಅದು ಮಲೇರಿಯಾ ಇಲ್ಲದ ಪ್ರದೇಶ.

ಲಾಡ್ಜ್‌ಗೆ ಕೇಳಬೇಕಾದ್ದು

ಇಮೇಲ್‌ನಲ್ಲೇ ಕೇಳಿ, ಉತ್ತರ ಬರಹದಲ್ಲಿರಲಿ. ಮೊದಲನೆಯ ಪ್ರಶ್ನೆ ಓಡಾಟದ ಹಕ್ಕಿನದು: ನಿಮ್ಮ ಗಾಡಿಗಳು ಎಷ್ಟು ಹೆಕ್ಟೇರ್‌ನಲ್ಲಿ ತಿರುಗಬಹುದು, ಯಾವ ನೆರೆಯವರ ಜಮೀನಿಗೆ ಹೋಗಬಹುದು? ಸಾಬಿ ಸ್ಯಾಂಡ್ ಒಬ್ಬರ ಆಸ್ತಿಯಲ್ಲ, ಹಲವು ಮಾಲೀಕರ ಜಮೀನುಗಳ ಒಕ್ಕೂಟ. ಒಳಗೆ ಬೇಲಿಯಿಲ್ಲದಿದ್ದರೂ ಗಾಡಿಗೆ ಗಡಿಯಿದೆ. ಹೆಸರಿನಲ್ಲಿ ಸಾಬಿ ಸ್ಯಾಂಡ್ ಇದ್ದೂ ಪುಟ್ಟ ತುಂಡಿನಲ್ಲೇ ಸುತ್ತುವ ಲಾಡ್ಜ್ ಅಗ್ಗವಾಗಿ ಸಿಕ್ಕರೆ ಕಾರಣ ಇದೇ. ನೀವು ಹಿಂಬಾಲಿಸುತ್ತಿದ್ದ ಸಿಂಹ ಗಡಿ ದಾಟಿದರೆ ಗಾಡಿ ಓಡಿಸುವ ರೇಂಜರ್ ಎಂಜಿನ್ ಆರಿಸಿ ಕೈ ಚೆಲ್ಲಬೇಕಾಗುತ್ತದೆ. ಸ್ಯಾಂಡ್ ನದಿಯ ದಂಡೆ ಆ ವ್ಯಾಪ್ತಿಯಲ್ಲಿ ಬರುತ್ತದೆಯೇ ಎಂದೂ ಕೇಳಿ. ಮಳೆಯಿಲ್ಲದ ಚಳಿಗಾಲ ಬಲಿತಂತೆ ಪ್ರಾಣಿಗಳೆಲ್ಲ ಜಮಾಯಿಸುವುದು ಅಲ್ಲೇ.

ಎರಡನೆಯದು, ಒಂದು ಗಾಡಿಗೆ ಹೆಚ್ಚೆಂದರೆ ಎಷ್ಟು ಜನ? ಈ ಗಾಡಿಗಳಲ್ಲಿ ಮೂರು ಸಾಲು, ಸಾಲಿಗೆ ಮೂವರಂತೆ ಒಂಬತ್ತು ಸೀಟು. ಒಳ್ಳೆಯ ಲಾಡ್ಜ್‌ನವರು ಸಾಲಿಗೆ ಇಬ್ಬರಂತೆ ಆರೇ ಜನರನ್ನು ಹತ್ತಿಸುತ್ತಾರೆ. ಮಧ್ಯದ ಸೀಟಿನಲ್ಲಿ ಕೂತವರ ಕ್ಯಾಮೆರಾಕ್ಕೆ ಎರಡೂ ಕಡೆ ಬರೀ ತಲೆಗಳು. ಫೋಟೊ ಹುಚ್ಚು ಇರುವವರು, ಅಥವಾ ನಾಲ್ಕೈದು ಜನರ ಕುಟುಂಬ, ದಿನಕ್ಕಿಷ್ಟು ಎಂದು ಹೆಚ್ಚು ಕೊಟ್ಟು ಗಾಡಿಯನ್ನೇ ಕಾಯ್ದಿರಿಸಬಹುದು. ದೊಡ್ಡ ಕೋಣೆಗೆ ಕೊಡುವ ಹೆಚ್ಚುವರಿ ದುಡ್ಡನ್ನು ಇದಕ್ಕೆ ಹಾಕುವುದೇ ಜಾಣತನ.

ಮೂರನೆಯದು, ಪ್ರತಿ ಗಾಡಿಗೂ ಟ್ರ್ಯಾಕರ್ ಇದ್ದಾರೆಯೇ? ಬಾನೆಟ್ಟಿನ ಎಡತುದಿಗೆ ಬಿಗಿದ ಒಂಟಿ ಕುರ್ಚಿ ಅವರದು. ಮರಳುದಾರಿಯ ಮೇಲೆ ನಮಗೆ ಬರೀ ಗೀರುಗಳು ಕಾಣುವ ಕಡೆ ಅವರು ಕೈ ಎತ್ತುತ್ತಾರೆ, ಗಾಡಿ ನಿಲ್ಲುತ್ತದೆ. ಹೆಜ್ಜೆಯ ಅಂಚು ಇನ್ನೂ ಚೂಪಾಗಿದೆಯೇ, ಅದರ ಮೇಲೆ ರಾತ್ರಿಯ ಹುಳುಗಳು ಹಾದ ಗೆರೆಯಿದೆಯೇ ಎಂದು ನೋಡುತ್ತಾರೆ. ಗೆರೆ ಇದ್ದರೆ ಪ್ರಾಣಿ ರಾತ್ರಿಯೇ ಹೋಗಿದೆ. ಇಲ್ಲದಿದ್ದರೆ ಬೆಳಗಿನದು, ಹಿಂಬಾಲಿಸಬಹುದು. ಕೆಲವೊಮ್ಮೆ ಇಳಿದು ನಡೆದೇ ಹೋಗುತ್ತಾರೆ. ಸಿಂಹ ಹತ್ತಿರವಾದಾಗ ಸದ್ದಿಲ್ಲದೆ ಗಾಡಿಯೊಳಗಿನ ಸೀಟಿಗೆ ಬಂದು ಕೂರುತ್ತಾರೆ. ರೇಡಿಯೋದಲ್ಲಿ ‘ಇಂಗ್ವೆ’ ಎಂಬ ಪದ ಕಿವಿಗೆ ಬಿದ್ದರೆ ಕ್ಯಾಮೆರಾ ಸಿದ್ಧ ಮಾಡಿಕೊಳ್ಳಿ, ಅದು ಚಿರತೆ.

ಇಷ್ಟಾದ ಮೇಲೆ ದರದಲ್ಲಿ ಏನೇನು ಸೇರಿದೆ ನೋಡಿ. ಊಟ, ದಿನಕ್ಕೆರಡು ಸಫಾರಿ ಸಾಮಾನ್ಯವಾಗಿ ಸೇರಿರುತ್ತವೆ. ಪ್ರವೇಶ ಶುಲ್ಕ, ಸಂರಕ್ಷಣಾ ಶುಲ್ಕ, ವಿಮಾನ ನಿಲ್ದಾಣದಿಂದ ಕರೆತರುವುದು, ದುಬಾರಿ ಮದ್ಯ ಹಲವೆಡೆ ಪ್ರತ್ಯೇಕ. ವೆಬ್‌ಸೈಟಿನ ದರ ‘ಇಬ್ಬರು ಹಂಚಿಕೊಂಡರೆ ತಲಾ’ ಎಂಬ ಲೆಕ್ಕದ್ದು. ಒಂಟಿಯಾಗಿ ಹೋಗುವವರಿಗೆ ಮೇಲುಶುಲ್ಕ ಬೀಳುತ್ತದೆ.

ಯಾವ ತಿಂಗಳು, ಎಷ್ಟು ರಾತ್ರಿ

ಮೇಯಿಂದ ಸೆಪ್ಟೆಂಬರ್ ಅಲ್ಲಿ ಚಳಿಗಾಲ, ಮಳೆಯಿಲ್ಲ. ಹುಲ್ಲು ಒಣಗಿ ಪೊದೆ ಬಯಲಾಗಿ ಪ್ರಾಣಿಗಳು ನೀರಿನ ಬಳಿಗೆ ಬರುತ್ತವೆ. ಮೊದಲ ಸಲ ಹೋಗುವವರಿಗೆ ಆಗಸ್ಟ್, ಸೆಪ್ಟೆಂಬರ್ ಸರಿ. ನವೆಂಬರ್‌ನಿಂದ ಮಾರ್ಚ್ ಮಳೆಗಾಲ: ಹಸಿರು, ವಲಸೆ ಹಕ್ಕಿಗಳು, ನವೆಂಬರ್ ಕೊನೆಯ ಹೊತ್ತಿಗೆ ಇಂಪಾಲಾ ಮರಿಗಳು. ಕ್ರಿಸ್‌ಮಸ್ ರಜೆ ಬಿಟ್ಟರೆ ದರವೂ ಇಳಿದಿರುತ್ತದೆ. ಆದರೆ ಎದೆಯೆತ್ತರ ಹುಲ್ಲಿನಲ್ಲಿ ಚಿರತೆ ಮಲಗಿದರೆ ಕಾಣುವುದು ಬಾಲದ ತುದಿ ಮಾತ್ರ.

ಮೂರು ರಾತ್ರಿ ಕನಿಷ್ಠ. ಮೂರು ರಾತ್ರಿ ಎಂದರೆ ಆರು ಸಫಾರಿ, ಎರಡೆಂದರೆ ನಾಲ್ಕೇ. ವಿಮಾನ ತಡವಾಗಿ ಒಂದು ತಪ್ಪಿ, ಇನ್ನೊಂದು ಮಳೆಗೆ ಹೋದರೆ ಉಳಿಯುವುದು ಎರಡು. ಒಂದೊಂದು ರಾತ್ರಿ ಲಾಡ್ಜ್ ಬದಲಿಸುವುದಂತೂ ಬೇಡ. ಮೊದಲ ದಿನ ಕಂಡ ಹೆಜ್ಜೆಯ ಜಾಡನ್ನು ಅದೇ ಟ್ರ್ಯಾಕರ್ ಮೂರನೆಯ ದಿನದವರೆಗೂ ಹಿಡಿದಿಟ್ಟಿರುತ್ತಾರೆ.

ದಾರಿ ಮತ್ತು ಕಾಗದಪತ್ರ

ಬೆಂಗಳೂರಿನಿಂದ ಜೋಹಾನ್ಸ್‌ಬರ್ಗ್‌ಗೆ ದುಬೈ, ದೋಹಾ ಅಥವಾ ಅಡಿಸ್ ಅಬಾಬಾ ಮೇಲೆ ಹೋಗಬೇಕು. ಅಲ್ಲಿಂದ ಸ್ಕುಕುಜಾ ನಿಲ್ದಾಣಕ್ಕೆ ಒಂದು ಗಂಟೆ ಚಿಲ್ಲರೆಯ ಹಾರಾಟ. ಅಲ್ಲಿ ಲಾಡ್ಜ್‌ನವರು ಕಾಯುತ್ತಿರುತ್ತಾರೆ. ಸ್ಕುಕುಜಾಕ್ಕೆ ದಿನಕ್ಕಿರುವುದು ಕೆಲವೇ ವಿಮಾನಗಳು, ಒಂದು ತಪ್ಪಿದರೆ ಆ ದಿನದ ಸಫಾರಿ ಹೋದಂತೆಯೇ. ಹೋಗುವಾಗ ಜೋಹಾನ್ಸ್‌ಬರ್ಗ್ ನಿಲ್ದಾಣದ ಪಕ್ಕದಲ್ಲೇ ಒಂದು ರಾತ್ರಿ ತಂಗಿ. ರಸ್ತೆಯಲ್ಲಾದರೆ ಆರೇಳು ಗಂಟೆ. ಕತ್ತಲಲ್ಲಿ ಓಡಿಸಬೇಡಿ: ಹಳ್ಳಿಗಳ ಬಳಿ ದನಗಳು ರಸ್ತೆಗೆ ಬರುತ್ತವೆ, ಕೊನೆಯ ಭಾಗ ಮಣ್ಣುದಾರಿ.

ಭಾರತೀಯ ಪಾಸ್‌ಪೋರ್ಟಿಗೆ ಮುಂಚಿತ ವೀಸಾ ಬೇಕು. ಪಾಸ್‌ಪೋರ್ಟಿನಲ್ಲಿ ಎರಡು ಖಾಲಿ ಪುಟ, ದಕ್ಷಿಣ ಆಫ್ರಿಕಾ ಬಿಡುವ ದಿನದಿಂದ ಕನಿಷ್ಠ 30 ದಿನ ಅವಧಿ. ಮಕ್ಕಳಿದ್ದರೆ ತಂದೆ ತಾಯಿ ಇಬ್ಬರ ಹೆಸರೂ ಇರುವ ಜನನ ಪ್ರಮಾಣಪತ್ರ. ಒಬ್ಬರೇ ಕರೆದೊಯ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರ. ಮುಂಗಡ ಕಟ್ಟುವ ಮುನ್ನ ರದ್ದತಿ ಷರತ್ತು ಓದಿ. ಹೊರಡಲು 30 ದಿನದೊಳಗೆ ರದ್ದು ಮಾಡಿದರೆ ಬಹಳ ಕಡೆ ಪೂರ್ತಿ ಹಣ ಮುಳುಗುತ್ತದೆ, ವೀಸಾ ಸಿಗಲಿಲ್ಲವೆಂದರೂ ಕೇಳುವುದಿಲ್ಲ. ಹಾಗಾಗಿ ಎರಡು ತಿಂಗಳಿಗೂ ಮುಂಚೆಯೇ ಅರ್ಜಿ ಹಾಕಿ.

ಹೆಚ್ಚು ಜನ ಎಡವುವುದು ಹಳದಿ ಜ್ವರದ ಲಸಿಕೆಯಲ್ಲಿ. ದುಬೈ, ದೋಹಾ ಮೇಲೆ ಹೋದರೆ ಅದು ಬೇಡ. ಇಥಿಯೋಪಿಯಾ, ಕೆನ್ಯಾ ಹಳದಿ ಜ್ವರದ ದೇಶಗಳು. ಅಲ್ಲಿನ ನಿಲ್ದಾಣದಲ್ಲಿ 12 ಗಂಟೆ ಮೀರಿ ಕಾದರೆ, ಅಥವಾ ಮಸಾಯಿ ಮಾರಾ ನೋಡಿಕೊಂಡು ಬಂದರೆ ದಕ್ಷಿಣ ಆಫ್ರಿಕಾ ಪ್ರಮಾಣಪತ್ರ ಕೇಳುತ್ತದೆ. ಅದು ಊರ್ಜಿತವಾಗುವುದು ಚುಚ್ಚಿಸಿಕೊಂಡ 10 ದಿನಗಳ ಮೇಲೆ. ಆ ದೇಶಗಳಿಂದ ಈ ಪ್ರಮಾಣಪತ್ರವಿಲ್ಲದೆ ಮರಳಿದರೆ ಭಾರತದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇಡಬಹುದು. ಮಲೇರಿಯಾ ಮಾತ್ರೆಯದು ಬೇರೆ ಮಾತು: ಸೆಪ್ಟೆಂಬರ್‌ನಿಂದ ಮೇವರೆಗೆ ಹೋಗುವವರು ವೈದ್ಯರನ್ನು ಕೇಳಿ ಶುರುಮಾಡಿ. ಊರಿಗೆ ಬಂದೆವಲ್ಲ ಎಂದು ನಡುವೆ ನಿಲ್ಲಿಸಬೇಡಿ.

ಚೀಲದಲ್ಲಿ

ಸಣ್ಣ ಚಾರ್ಟರ್ ವಿಮಾನಗಳಲ್ಲಿ 20 ಕೆ.ಜಿ. ಮಿತಿ, ಅದೂ ಮೆತ್ತನೆಯ ಚೀಲ. ಗಟ್ಟಿ ಸೂಟ್‌ಕೇಸ್ ಲಗೇಜಿನ ಗೂಡಿನೊಳಗೆ ತೂರುವುದಿಲ್ಲ. ಬಟ್ಟೆ ಒಗೆದುಕೊಡುವ ಲಾಡ್ಜ್ ಆದರೆ ಮೂರು ಜೊತೆ ಸಾಕು. ನೀಲಿ, ಕಪ್ಪು ಹಾಕಬಾರದು ಎಂಬ ಮಾತು ಟ್ಸೆಟ್ಸೆ ನೊಣವಿರುವ ಟಾಂಜಾನಿಯಾ ಕಡೆಯದು, ಇಲ್ಲಿಗೆ ಅನ್ವಯಿಸದು. ಆದರೆ ಆಫ್ರಿಕಾ ಎಂದರೆ ಸೆಕೆ ಎಂದುಕೊಂಡು ಹೋದವರು ಜುಲೈ ಬೆಳಗಿನ ತೆರೆದ ಗಾಡಿಯಲ್ಲಿ ನಡುಗುತ್ತಾರೆ. ಉಣ್ಣೆ ಟೋಪಿ, ಕೈಗವಸು, ಗಾಳಿ ತಡೆಯುವ ಜಾಕೆಟ್ ಇರಲಿ. ಬೈನಾಕ್ಯುಲರ್ 8x42, ತಲೆಗೊಂದು.

ಪ್ಲಗ್ ವಿಷಯದಲ್ಲಿ ನಮಗೊಂದು ಅನುಕೂಲ. ಅಲ್ಲಿನ ಹಳೆಯ ಮಾದರಿಯ ಸಾಕೆಟ್ ನಮ್ಮ ಗೀಸರಿನ ದಪ್ಪ ಮೂರು ಪಿನ್ನಿನ ಅಳತೆಯದೇ. ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 16 ಆಂಪಿಯರ್ ಕನ್ವರ್ಶನ್ ಪ್ಲಗ್ ಅಲ್ಲಿ ಕೆಲಸಕ್ಕೆ ಬರುತ್ತದೆ.

ಊಟ

‘ಸಸ್ಯಾಹಾರಿ’ ಎಂದಷ್ಟೇ ಬರೆದರೆ ಮೂರು ದಿನವೂ ಮೊಟ್ಟೆ, ಚೀಸ್ ಬರುತ್ತದೆ. ‘ಮೊಟ್ಟೆ, ಮೀನು, ಮಾಂಸದ ಸಾರು ಬೇಡ; ಬೇಳೆ, ಅನ್ನ, ಮೊಸರು ಆಗುತ್ತದೆ’ ಎಂದು ಬಿಡಿಸಿ, ಎರಡು ವಾರ ಮೊದಲೇ ತಿಳಿಸಿ. ಕಾಡಿನ ಮಧ್ಯೆ ಅಂಗಡಿಯಿಲ್ಲ, ಸಾಮಾನು ದೂರದ ಪಟ್ಟಣದಿಂದ ಬರಬೇಕು. ಸಂಜೆ ಗಾಡಿ ನಿಲ್ಲಿಸಿ ಪಾನೀಯ ಕೊಡುವಾಗ ತಟ್ಟೆಯಲ್ಲಿ ಕಂದು ಬಣ್ಣದ ತೆಳು ಪಟ್ಟಿಗಳಿರುತ್ತವೆ. ಒಣಗಿಸಿದ ಹಣ್ಣೆಂದು ಬಾಯಿಗೆ ಹಾಕಬೇಡಿ, ಅದು ಬಿಲ್ಟಾಂಗ್, ಒಣಮಾಂಸ. ಬೆಳಗಿನ ಕಾಫಿಯ ಜೊತೆ ಬರುವ ರಸ್ಕ್ ನಮ್ಮ ರಸ್ಕಿಗಿಂತ ಗಟ್ಟಿ. ಅದ್ದದೆ ಕಚ್ಚಿದರೆ ಹಲ್ಲಿಗೆ ಕಷ್ಟ.

ಗಾಡಿ ಹತ್ತಿದ ಮೇಲೆ

ಎದ್ದು ನಿಲ್ಲಬೇಡಿ. ಸಿಂಹಕ್ಕೆ ಗಾಡಿ, ಜನ ಎಲ್ಲ ಸೇರಿ ಒಂದೇ ಆಕಾರ. ನೀವು ಎದ್ದರೆ ಆ ಆಕಾರದಿಂದ ಮನುಷ್ಯ ಬೇರೆಯಾಗಿ ಕಾಣುತ್ತಾನೆ. ಹಿಂದಿನ ಸಾಲು ಎತ್ತರ, ನೋಟ ಚೆನ್ನ, ಕುಲುಕಾಟವೂ ಹೆಚ್ಚು. ಬೆನ್ನುನೋವಿದ್ದವರು ಮುಂದಿನ ಸಾಲು ಕೇಳಿ. ಖಡ್ಗಮೃಗದ ಫೋಟೊ ತೆಗೆಯುವ ಮುನ್ನ ಫೋನಿನ ಲೊಕೇಶನ್ ಆಫ್ ಮಾಡಿ, ಕೊಂಬಿನ ಕಳ್ಳರಿಗೆ ವಿಳಾಸ ಕೊಟ್ಟಂತಾಗಬಾರದು. ಒಂದು ಪ್ರಾಣಿಯ ಬಳಿ ಎರಡು ಮೂರು ಗಾಡಿಗಳಿಗಷ್ಟೇ ಅವಕಾಶ, ಉಳಿದವು ಸರದಿ ಕಾಯುತ್ತವೆ. ರೇಂಜರ್ ಹತ್ತು ನಿಮಿಷಕ್ಕೇ ಹಿಂದೆ ಸರಿದರೆ ಮುನಿಸು ಬೇಡ.

ಭಕ್ಷೀಸನ್ನು ಕೊನೆಯ ದಿನ ಕೊಡುವುದು ವಾಡಿಕೆ: ರೇಂಜರ್‌ಗೆ, ಟ್ರ್ಯಾಕರ್‌ಗೆ ಬೇರೆ ಬೇರೆ ಲಕೋಟೆ, ಅಡುಗೆ ಮತ್ತು ಕೋಣೆಯ ಸಿಬ್ಬಂದಿಗೆ ಒಟ್ಟು ಪೆಟ್ಟಿಗೆ. ಕಾಡಿನಲ್ಲಿ ಎಟಿಎಂ ಇಲ್ಲ, ರಾಂಡ್ ನೋಟುಗಳನ್ನು ಜೋಹಾನ್ಸ್‌ಬರ್ಗ್‌ನಲ್ಲೇ ತೆಗೆದಿಟ್ಟುಕೊಳ್ಳಿ. ಹೊರಡುವ ದಿನದ ಬೆಳಗಿನ ಸಫಾರಿಯೂ ನೀವು ಕೊಟ್ಟ ದರದೊಳಗೇ ಇದೆ. ವಾಪಸ್ ವಿಮಾನವನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡವರಿಗೆ ಮಾತ್ರ ಅದು ಸಿಗುತ್ತದೆ.