ಹಿರಿಯರ ಫಿಸಿಯೋಥೆರಪಿ: ಆರೈಕೆ ಮಾಡುವವರ ಕೈ ಎಲ್ಲಿರಬೇಕು?

ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದವರಿಗೆ, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರಿಗೆ, ಬಹುದಿನ ಹಾಸಿಗೆ ಹಿಡಿದು ಕಾಲಿನ ಕಸುವು ಕಳೆದುಕೊಂಡವರಿಗೆ ವೈದ್ಯರು ಫಿಸಿಯೋಥೆರಪಿ ಸೂಚಿಸುತ್ತಾರೆ. ಥೆರಪಿಸ್ಟ್ ವಾರಕ್ಕೆ ಮೂರು ಸಲ ಬಂದು ಪ್ರತಿಸಲವೂ ಮುಕ್ಕಾಲು ಗಂಟೆ ಇದ್ದರೂ ವಾರದ 168 ಗಂಟೆಗಳಲ್ಲಿ ಅದು ಎರಡೂಕಾಲು ಗಂಟೆ ಮಾತ್ರ. ಮಿಕ್ಕ ಹೊತ್ತೆಲ್ಲ ಹಿರಿಯರ ಜೊತೆಗಿರುವವರು ಮನೆಯವರು ಅಥವಾ ಆರೈಕೆಗೆಂದು ನೇಮಕಗೊಂಡವರು. ಇವರು ಸಾಮಾನ್ಯವಾಗಿ ಮಾಡುವ ತಪ್ಪು ಅಲಕ್ಷ್ಯವಲ್ಲ, ಅತಿಯಾದ ಸಹಾಯ. ಹಿರಿಯರು ತಾವೇ ಏಳಬಹುದಾಗಿದ್ದಾಗ ನಾವು ಎತ್ತಿ ನಿಲ್ಲಿಸಿದರೆ ಅವರ ತೊಡೆಯ ಸ್ನಾಯುಗಳಿಗೆ ಸಿಗಬೇಕಿದ್ದ ಒಂದು ಸುತ್ತಿನ ವ್ಯಾಯಾಮ ತಪ್ಪುತ್ತದೆ.

ಮೊದಲ ಭೇಟಿಯಲ್ಲಿ

ಥೆರಪಿಸ್ಟ್ ಮೊದಲ ಸಲ ಬಂದಾಗ ಪಕ್ಕದಲ್ಲೇ ಇರಿ. ಯಾವ ವ್ಯಾಯಾಮ, ಎಷ್ಟು ಸಲ ಎಂಬುದರ ಜೊತೆಗೆ ಇನ್ನೆರಡು ಸಂಗತಿಗಳನ್ನು ಸ್ಪಷ್ಟವಾಗಿ ಕೇಳಿಕೊಳ್ಳಿ: ಶಸ್ತ್ರಚಿಕಿತ್ಸೆಯಾದ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು, ಯಾವ ಚಲನೆ ನಿಷಿದ್ಧ. ಉದಾಹರಣೆಗೆ, ಸೊಂಟದ ಕೀಲು ಬದಲಾಯಿಸಿಕೊಂಡ ಕೆಲವರಿಗೆ ಮೊದಲ ಕೆಲವು ವಾರ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು ಎಂಬ ಕಟ್ಟುಪಾಡು ಇರುತ್ತದೆ. ಶಸ್ತ್ರಚಿಕಿತ್ಸೆಯ ವಿಧಾನ ಬೇರೆಯಾದರೆ ಅದು ಅನ್ವಯಿಸದೆಯೂ ಇರಬಹುದು. ಆದ್ದರಿಂದ ಪರಿಚಯದವರೊಬ್ಬರಿಗೆ ಹೇಳಿದ ನಿಯಮವನ್ನು ನಿಮ್ಮ ಮನೆಗೆ ತರಬೇಡಿ. ಬರೀ ನೋಡಿ ಕಲಿಯುವುದೂ ಸಾಲದು. ಥೆರಪಿಸ್ಟರ ಎದುರಿನಲ್ಲೇ ಒಮ್ಮೆ ನಿಮ್ಮ ಕೈಯಾರೆ ಮಾಡಿ ತೋರಿಸಿ, ತಿದ್ದಿಸಿಕೊಳ್ಳಿ.

ಶುರುಮಾಡುವ ಮುನ್ನ

ಊಟವಾದ ಕೂಡಲೇ ವ್ಯಾಯಾಮ ಬೇಡ. ವೈದ್ಯರು ನೋವಿನ ಮಾತ್ರೆ ಬರೆದಿದ್ದರೆ ಅದರ ಪರಿಣಾಮ ಇರುವ ಹೊತ್ತಿಗೆ ವ್ಯಾಯಾಮ ಬರುವಂತೆ ವೇಳೆ ಹೊಂದಿಸಬಹುದೇ ಎಂದು ಕೇಳಿ. ಕನ್ನಡಕ, ಶ್ರವಣಯಂತ್ರ ಹಾಕಿಸಿ. ಸೂಚನೆ ಸರಿಯಾಗಿ ಕೇಳಿಸದವರನ್ನು ನಾವು ಎಷ್ಟೋ ಸಲ ಹಟಮಾರಿಗಳೆಂದು ತಪ್ಪು ತಿಳಿಯುತ್ತೇವೆ. ನುಣುಪಾದ ನೆಲದ ಮೇಲೆ ಬರೀ ಕಾಲುಚೀಲದಲ್ಲಿ ನಡೆಸಬೇಡಿ.

ಮಲಗಿದ್ದವರು ಎದ್ದ ತಕ್ಷಣ ನಿಲ್ಲಬಾರದು. ಎದ್ದು ನಿಂತ ಮೂರು ನಿಮಿಷಗಳೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20ರಷ್ಟು ಅಥವಾ ಅದಕ್ಕಿಂತ ಹೆಚ್ಚು ಇಳಿಯುವ ತೊಂದರೆ ವಯಸ್ಸಾದವರಲ್ಲಿ ಸಾಮಾನ್ಯ. ಆಗ ತಲೆ ಸುತ್ತಿ ಬೀಳಬಹುದು. ಮಂಚದ ಅಂಚಿನಲ್ಲಿ ಪಾದ ನೆಲಕ್ಕೂರಿ ಒಂದೆರಡು ನಿಮಿಷ ಕುಳಿತು, ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ತಲೆ ಹಗುರವಾಗುತ್ತಿಲ್ಲ ಎಂದು ಖಚಿತವಾದ ಮೇಲಷ್ಟೇ ಏಳಲಿ.

ಕುಳಿತಲ್ಲಿಂದ ಏಳುವುದು

ಇದೊಂದನ್ನು ಸರಿಯಾಗಿ ಕಲಿತರೆ ಶೌಚಾಲಯಕ್ಕೆ ಹೋಗುವುದರಿಂದ ಹಿಡಿದು ದಿನದ ಅನೇಕ ಕೆಲಸಗಳು ಹಿರಿಯರ ಕೈಗೆ ಮರಳುತ್ತವೆ. ಕೈಗಳಿರುವ, ಅಲುಗಾಡದ ಕುರ್ಚಿ ಬೇಕು. ತೀರಾ ತಗ್ಗಾದ ಮೆತ್ತನೆಯ ಸೋಫಾ ಬೇಡ. ಹಿರಿಯರು ಕುರ್ಚಿಯ ಮುಂದಿನ ಅಂಚಿಗೆ ಸರಿದು, ಪಾದಗಳನ್ನು ಮಂಡಿಗಿಂತ ತುಸು ಹಿಂದಕ್ಕೆ ಎಳೆದುಕೊಂಡು, ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಕುರ್ಚಿಯ ಕೈಗಳನ್ನು ಒತ್ತಿ ಮೇಲೇಳಬೇಕು. ವಾಕರ್ ಹಿಡಿದು ಜಗ್ಗಿಕೊಂಡು ಏಳುವುದು ಅಪಾಯ, ಏಕೆಂದರೆ ಅದು ಮೈಮೇಲೆ ಮಗುಚಬಹುದು.

ಆಗ ನಿಮ್ಮ ಸ್ಥಾನ ಅವರ ದುರ್ಬಲ ಪಕ್ಕದಲ್ಲಿ. ಒಂದು ಕೈ ಬೆನ್ನ ಹಿಂದೆ, ಸೊಂಟಕ್ಕೆ ಕಟ್ಟಿದ ಆಸರೆ ಪಟ್ಟಿಯ ಮೇಲಿರಲಿ. ತೋಳು ಹಿಡಿದು ಎಳೆಯುವುದಾಗಲಿ ಕಂಕುಳಿಗೆ ಕೈಹಾಕಿ ಎತ್ತುವುದಾಗಲಿ ಕೂಡದು. ಪಾರ್ಶ್ವವಾಯುವಾದವರಲ್ಲಿ ಸಡಿಲಗೊಂಡ ಭುಜದ ಕೀಲು ಇದರಿಂದ ಜಾರಬಹುದು. ನೀವು ಬಗ್ಗುವಾಗ ಸೊಂಟ ಬಳುಕಿಸದೆ ಮಂಡಿ ಮಡಿಸಿ. ‘ಒಂದು, ಎರಡು, ಮೂರು’ ಎಂದು ಎಣಿಸಿದ ಮೇಲೆ ಸುಮ್ಮನೆ ಕಾಯಿರಿ. ಅವರ ದೇಹ ಹೊರಡಲು ಹತ್ತು ಸೆಕೆಂಡು ಹಿಡಿಯಬಹುದು, ನೋಡುತ್ತ ನಿಂತವರಿಗೆ ಅದು ಬಹಳ ದೀರ್ಘವೆನಿಸುತ್ತದೆ. ಮರೆವಿನ ಕಾಯಿಲೆ ಇರುವವರಿಗೆ ಒಮ್ಮೆಗೆ ಒಂದೇ ಸೂಚನೆ ಕೊಡಿ. ಹೇಳುವುದಕ್ಕಿಂತ ಎದುರು ಕುಳಿತು ಮಾಡಿ ತೋರಿಸುವುದು ಹೆಚ್ಚು ಫಲಕಾರಿ.

ನಡಿಗೆ, ಮೆಟ್ಟಿಲು

ಊರುಗೋಲು ಸಾಮಾನ್ಯವಾಗಿ ನೋವಿರುವ ಕಾಲಿನ ಎದುರು ಕೈಯಲ್ಲಿರಬೇಕು. ಹಲವರು ಇದನ್ನು ತಿರುಗಾಮುರುಗಾ ಹಿಡಿಯುತ್ತಾರೆ. ನೇರ ನಿಂತು ಕೈ ಇಳಿಬಿಟ್ಟಾಗ ಅದರ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ನೀವು ದುರ್ಬಲ ಪಕ್ಕದಲ್ಲಿ ಅರ್ಧ ಹೆಜ್ಜೆ ಹಿಂದಿರಿ. ನಡೆಯುವಾಗ ಹರಟೆ ಬೇಡ, ಗಮನ ಹಂಚಿಹೋದರೆ ಹೆಜ್ಜೆ ತಪ್ಪುತ್ತದೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ದುರ್ಬಲ ಕಾಲು ಮೊದಲು. ಎರಡೂ ಸಂದರ್ಭಗಳಲ್ಲಿ ನೀವು ಅವರಿಗಿಂತ ಕೆಳಗಿನ ಮೆಟ್ಟಿಲಿನಲ್ಲಿರಬೇಕು. ಅವರು ಕುಸಿಯತೊಡಗಿದರೆ ಎತ್ತಿ ಹಿಡಿಯಲು ಹೋಗದೆ, ನಿಮ್ಮ ಮೈಗೆ ಒರಗಿಸಿಕೊಂಡು ಮೆಲ್ಲಗೆ ಕೆಳಗೆ ಜಾರಿಸಿ ಕೂರಿಸಿ. ಇಬ್ಬರೂ ಬೀಳುವುದಕ್ಕಿಂತ ಅದು ಲೇಸು.

ನೋವು ಮತ್ತು ನಿರಾಕರಣೆ

ಸ್ನಾಯು ಹಿಗ್ಗಿದಾಗಿನ ಎಳೆತ, ಮರುದಿನದ ಸಣ್ಣ ಮೈಕೈನೋವು ಸಹಜ. ಚುಚ್ಚಿದಂಥ ನೋವು ಬಂದರೆ ನಿಲ್ಲಿಸಿ. ಕೀಲುನೋವು ವ್ಯಾಯಾಮ ಮುಗಿದು ಎರಡು ಗಂಟೆ ಕಳೆದರೂ ಹೆಚ್ಚಾಗಿಯೇ ಉಳಿದರೆ ಪ್ರಮಾಣ ಕಡಿಮೆ ಮಾಡುವ ಬಗ್ಗೆ ಥೆರಪಿಸ್ಟರನ್ನು ಕೇಳಿ. ಎದೆನೋವು, ಒಂದು ವಾಕ್ಯ ಆಡಲಾಗದಷ್ಟು ಏದುಸಿರು, ಬಾಯಿ ಸೊಟ್ಟಗಾಗುವುದು ಅಥವಾ ಮಾತು ತೊದಲುವುದು ಕಂಡರೆ ತಕ್ಷಣ ತುರ್ತು ನೆರವು ಕರೆಯಿರಿ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ ಅದು ರಕ್ತ ಹೆಪ್ಪುಗಟ್ಟಿರುವ ಲಕ್ಷಣವಾಗಿರಬಹುದು. ಅದನ್ನು ತಿಕ್ಕದೆ ಅಂದೇ ವೈದ್ಯರಿಗೆ ತೋರಿಸಿ.

‘ಇವತ್ತು ಬೇಡ’ ಎಂಬ ಮಾತಿನ ಹಿಂದೆ ಹೆಚ್ಚಿನ ಸಲ ಇರುವುದು ಸೋಮಾರಿತನವಲ್ಲ, ಬೀಳುವ ಭಯ. ಅರ್ಧ ಗಂಟೆಯ ವ್ಯಾಯಾಮವನ್ನು ಐದೈದು ನಿಮಿಷಗಳ ತುಂಡುಗಳಾಗಿ ದಿನವಿಡೀ ಹಂಚಬಹುದು. ಊಟಕ್ಕೆ ಏಳುವಾಗ ಇನ್ನೆರಡು ಸಲ ಕುಳಿತು ಎದ್ದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಈ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಡಿ: ದಿನಾಂಕ, ಎಷ್ಟು ಸಲ, ಸೊನ್ನೆಯಿಂದ ಹತ್ತರೊಳಗೆ ನೋವೆಷ್ಟು, ನಿಮ್ಮ ಕೈ ಎಷ್ಟು ಬೇಕಾಯಿತು. ಕಳೆದ ವಾರ ನೀವು ಆಸರೆ ಪಟ್ಟಿ ಹಿಡಿದಾಗ ನಾಲ್ಕು ಸಲ ಎದ್ದವರು ಈ ವಾರ ನೀವು ಹಿಡಿಯದೆಯೇ ಆರು ಸಲ ಎದ್ದಿದ್ದಾರೆಂದು ಅದರಲ್ಲಿ ಕಂಡರೆ, ಮುಂದಿನ ವ್ಯಾಯಾಮ ಯಾವುದೆಂದು ನಿರ್ಧರಿಸುವುದು ಥೆರಪಿಸ್ಟರಿಗೆ ಸುಲಭವಾಗುತ್ತದೆ.